ಮರಣದ ಪುಸ್ತಕದಿಂದ ಒಂದು ಪಾಠ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭಾಂಗಣದಲ್ಲಿ ಮಾಡಿದ ಭಾಷಣದ ಪಾಠ)



ಉತ್ಸವ ಸಮಿತಿಯವರು ನನಗೆ ಕೊಟ್ಟಿರುವ ವಿಷಯ ಶಿಕ್ಷಣವೂ ನಮ್ಮ ಪರಂಪರೆಯೂ ಎಂಬುದು. ವಿಷಯ ಬಹು ವಿಶಾಲವಾದುದು. ಅದನ್ನು ಕುರಿತು ಅಧಿಕಾರವಾಣಿಯಿಂದ ಮಾತನಾಡಬಲ್ಲ ವಿದ್ವಾಂಸರು ನಮ್ಮ ಧರ್ಮಪ್ರಾಂತ್ಯದಲ್ಲಿ ಅನೇಕರಿದ್ದಾರೆ. ನಾನಾದರೋ ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನವನ್ನು ಬೋಧಿಸುತ್ತ ಕೂದಲು ನರೆಸಿಕೊಂಡ ಒಬ್ಬ ಸಾಮಾನ್ಯ ಉಪಾಧ್ಯಾಯ. ಆದುದರಿಂದ ವಿಶಾಲವಾದುದನ್ನು ಬಲ್ಲವರಿಗೆ ಬಿಟ್ಟು, ಕೆಲವು ವರ್ಷಗಳ ಹಿಂದೆ ಒಂದು ಬೇಸಗೆಯಲ್ಲಿ ನಾನೇ ವಿದ್ಯಾರ್ಥಿಯಾಗಿ ಕಳೆದ ಆರು ವಾರಗಳ ವಿಚಾರವನ್ನೂ, ಅದರ ಫಲವಾಗಿ ಈ ದೇವಾಲಯದ ಮರಣದ ಪುಸ್ತಕವು ಎಂಟನೆಯ ತರಗತಿಯ ಪಾಠವಾದ ವಿಚಾರವನ್ನೂ ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಅಪ್ಪಣೆ ಬೇಡುತ್ತೇನೆ. ಉತ್ಸವದ ದಿನ ಮರಣದ ಮಾತೇಕೆ ಎಂದು ಯಾರಿಗಾದರೂ ತೋರಿದರೆ, ಕೊನೆಯವರೆಗೆ ಕೇಳಿ ಆಮೇಲೆ ತೀರ್ಮಾನಿಸಬೇಕೆಂದು ವಿನಂತಿ.

ಇಂದು ಉಪಾಧ್ಯಾಯರಾಗಲು ಓದುವವರಿಗೆ ಇಂಟರ್ನ್‌ಶಿಪ್ ಎಂಬುದು ಹೊಸದಲ್ಲ. 2014ರ ನಿಯಮಗಳು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ಏರಿಸಿದಾಗ, ಅದರಲ್ಲಿ 20 ವಾರಗಳನ್ನು ಶಾಲೆಯಲ್ಲಿಯೇ ಕಳೆಯಬೇಕೆಂದು ಗೊತ್ತುಪಡಿಸಿದವು. ನಮ್ಮ ಕಾಲದಲ್ಲಿ ಕೆಲವು ಅಭ್ಯಾಸಪಾಠಗಳನ್ನು ಒಪ್ಪಿಸಿ, ನಿರೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತು ಗುರುತು ಹಾಕಿಕೊಂಡು ಹೋದರೆ ಮುಗಿಯಿತು. ಹೀಗಿರುವಾಗ ನಗರದ ಒಂದು ಸಂಗ್ರಹಾಲಯದವರು, ತಮ್ಮಲ್ಲಿರುವ ವಸ್ತುಗಳನ್ನು ಶಾಲೆಯ ಪಾಠಗಳಾಗಿ ರೂಪಿಸಲು ಬೇಸಗೆಯ ರಜೆಯಲ್ಲಿ ಉಪಾಧ್ಯಾಯರು ಬಂದು ಕೆಲಸ ಕಲಿಯಬಹುದೆಂದು ತಿಳಿಸಿದರು. ಐವತ್ತು ದಾಟಿದ ಮೇಲೆ ನಾನು ಅರ್ಜಿ ಹಾಕಿದೆ. ಮನೆಯವರು ನಕ್ಕರು. ಬುತ್ತಿಯನ್ನು ಮಾತ್ರ ತಪ್ಪದೆ ಕಟ್ಟಿಕೊಟ್ಟರು.

ಮೊದಲನೆಯ ವಾರ ನನಗೆ ಒಪ್ಪಿಸಿದ ವಸ್ತು ಬೇಗೂರಿನ ಶಾಸನ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಈ ಕಲ್ಲು ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ಅಧಿಕಾರಿಯ ಕಡೆಯವರು ಮಡಿದುದನ್ನು ಅದು ಹೇಳುತ್ತದೆ. ಬೆಂಗಳೂರು ಎಂಬ ಹೆಸರು ಕಾಣಸಿಗುವ ಅತಿ ಹಳೆಯ ಬರಹ ಇದೇ ಎಂದು ಬಲ್ಲವರು ಒಪ್ಪುತ್ತಾರೆ. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದು, ಆ ಊರಿಗೆ ಬೆಂದಕಾಳೂರೆಂದು ಹೆಸರಿಟ್ಟನೆಂಬ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ನಾನು ಅದನ್ನು ವರ್ಷ ವರ್ಷವೂ ತರಗತಿಯಲ್ಲಿ ಸವಿಯಾಗಿ ಹೇಳಿದ್ದೇನೆ. ವೀರಬಲ್ಲಾಳನು ಆಳಿದ್ದು 1173ರಿಂದ 1220ರವರೆಗೆ. ಆತ ಪಟ್ಟಕ್ಕೆ ಬರುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿನ ಹೆಸರು ಕಲ್ಲಿನ ಮೇಲಿದೆ.

ಇಷ್ಟನ್ನೂ ಬಳಸಿಕೊಂಡು ನಾನು ನಾಲ್ಕು ಪುಟಗಳ ಪಾಠವನ್ನು ಬರೆದೆ. ಗಂಗರ ವಂಶಾವಳಿ, ವೀರಗಲ್ಲಿನ ಲಕ್ಷಣ, ಹಳಗನ್ನಡದ ರೂಪಗಳು, ಕೊನೆಯಲ್ಲಿ ಹತ್ತು ಪ್ರಶ್ನೆಗಳು. ಅಲ್ಲಿಯ ಮೇಲ್ವಿಚಾರಕರು, ವಯಸ್ಸಿನಲ್ಲಿ ನನ್ನ ಮಗನಷ್ಟಿರಬಹುದು, ಅದನ್ನು ಪೂರ್ತಿಯಾಗಿ ಓದಿ, ಗೌರವದಿಂದಲೇ ಕೇಳಿದರು: "ಎಲ್ಲ ಚೆನ್ನಾಗಿದೆ ಮೇಷ್ಟ್ರೇ. ಆದರೆ ಇದರಲ್ಲಿ ಕಲ್ಲೆಲ್ಲಿದೆ?" ನನಗೆ ಒಳಗೊಳಗೇ ಕೋಪ ಬಂದಿತು. ಅವರು ನಾಲ್ಕು ಪುಟವನ್ನೂ ಬದಿಗಿಟ್ಟು, ಕಲ್ಲಿನ ಚಿತ್ರವನ್ನೂ ಬೆಂದ ಕಾಳಿನ ಕಥೆಯನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇರಿಸಿ, ಕೆಳಗೆ ಒಂದೇ ಪ್ರಶ್ನೆ ಬರೆಯಲು ಹೇಳಿದರು. ಇವೆರಡೂ ನಿಜವಾಗಿರಲು ಸಾಧ್ಯವೇ? ಇಷ್ಟೇ. ವಂಶಾವಳಿಯನ್ನು ಮಗು ತಾನಾಗಿ ಕೇಳಿದಾಗ ಹೇಳಿದರೆ ಸಾಕು, ಕೇಳದಿದ್ದರೆ ಅದು ಆ ದಿನಕ್ಕೆ ಬೇಡ ಎಂದು ಅವರ ಅಭಿಪ್ರಾಯ. ಮೂರು ದಿನ ನಾನು ಅವರೊಡನೆ ವಾದಿಸಿದೆ. ಆಮೇಲೆ ಆ ಒಂದು ಹಾಳೆಯನ್ನು ಹಿಡಿದು ಸಂಗ್ರಹಾಲಯಕ್ಕೆ ಬಂದ ಮಕ್ಕಳ ಮುಂದೆ ನಿಂತೆ. ಹತ್ತು ನಿಮಿಷದಲ್ಲಿ ಮಕ್ಕಳು ಎರಡು ಪಕ್ಷವಾಗಿ ಜಗಳಕ್ಕೆ ನಿಂತುವು. ನನ್ನ ಅಷ್ಟು ವರ್ಷದ ಅನುಭವದಲ್ಲಿ ಗಂಗರಿಗಾಗಿ ಮಕ್ಕಳು ಜಗಳವಾಡಿದ್ದನ್ನು ನೋಡಿರಲಿಲ್ಲ.

ಎರಡನೆಯ ವಾರ ಪಡಿಯಚ್ಚು ತೆಗೆಯುವುದನ್ನು ಕಲಿತೆವು. ಕಲ್ಲನ್ನು ಶುಭ್ರವಾಗಿ ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹರಡಿ, ಬ್ರಷ್ಷಿನಿಂದ ಹದವಾಗಿ ಬಡಿಯುತ್ತ ಹೋದರೆ ಕಾಗದವು ಅಕ್ಷರಗಳ ಕೊರೆತದೊಳಕ್ಕೆ ಇಳಿಯುತ್ತದೆ. ಅನಂತರ ಮಸಿಯ ಗದ್ದುಗೆಯನ್ನು ಮೆಲ್ಲಗೆ ಒತ್ತಿದರೆ ಕಲ್ಲಿನ ಮೈಯೆಲ್ಲ ಕಪ್ಪಾಗಿ, ಕೊರೆದ ಅಕ್ಷರಗಳು ಮಾತ್ರ ಬಿಳಿಯಾಗಿ ಉಳಿಯುತ್ತವೆ. ಶಾಲೆಗಳಿಗೆ ಇದನ್ನು ಹೇಗೆ ಒಯ್ಯುವುದು? ಪುರಾತನವಾದ ಕಲ್ಲನ್ನು ಮಕ್ಕಳ ಕೈಗೆ ಕೊಡಲಾಗದು. ನಾವು ಜೇಡಿಮಣ್ಣಿನ ಹಲಗೆಯ ಮೇಲೆ ಅಕ್ಷರ ಕೊರೆದು, ಒಣಗಿಸಿ, ಅದರ ಮೇಲೆ ಈ ಕ್ರಮವನ್ನು ಮಾಡಿಸಿದೆವು. ಒಂದು ಗಂಟೆ ಬಗ್ಗಿ ಕುಳಿತು ಬಡಿದ ಮಗುವಿಗೆ, ಕಲ್ಲಿನಲ್ಲಿ ಒಂದು ಹೆಸರನ್ನು ಬರೆಸಬೇಕಾದರೆ ಯಾರೋ ಎಷ್ಟು ಶ್ರಮಪಟ್ಟಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಈ ವಿದ್ಯೆಗೂ ನಮ್ಮ ಉಪಾಧ್ಯಾಯ ವೃತ್ತಿಗೂ ಇರುವ ನಂಟನ್ನು ಇಲ್ಲಿ ಸ್ಮರಿಸಬೇಕು. ಎಪಿಗ್ರಾಫಿಯ ಕರ್ನಾಟಿಕ ಎಂಬ ಹೆಸರಿನಲ್ಲಿ 1886ರಿಂದ ಸಂಪುಟ ಸಂಪುಟವಾಗಿ ನಮ್ಮ ಶಾಸನಗಳನ್ನು ಪ್ರಕಟಿಸಿದ ಬಿ. ಎಲ್. ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದವರು, ಲಂಡನ್ ಮಿಷನ್ನಿನ ಬೋಧಕರೊಬ್ಬರ ಮಗ, ವೃತ್ತಿಯಿಂದ ಮೊದಲು ಉಪಾಧ್ಯಾಯರು, ಆಮೇಲೆ ವಿದ್ಯಾ ಇಲಾಖೆಯ ಅಧಿಕಾರಿಗಳು. ಶಾಲೆಗಳ ತಪಾಸಣೆಗೆ ಊರೂರು ಸುತ್ತುವಾಗಲೇ ಅವರ ಕಣ್ಣಿಗೆ ಕಲ್ಲುಗಳು ಬಿದ್ದುದು. ಕಥೋಲಿಕರಾದ ನಾವು ನೆನೆಯಬೇಕಾದ ಹೆಸರು ಇನ್ನೊಂದಿದೆ. 1909ರಲ್ಲಿ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರು ಪ್ಯಾರಿಸ್ಸಿನ ಮಿಷನ್ ಸಂಸ್ಥೆಗೆ ಸೇರಿದ ಪೂಜ್ಯ ಎ. ಎಂ. ಟಬಾರ್ಡ್ ಸ್ವಾಮಿಗಳು. ನೃಪತುಂಗ ರಸ್ತೆಯ ಡೇಲಿ ಸ್ಮಾರಕ ಭವನದಲ್ಲಿರುವ ಆ ಸಂಸ್ಥೆಯು 2021ರಿಂದ ಬೆಂಗಳೂರಿನ ಸುತ್ತಮುತ್ತಲ ಶಾಸನಗಳನ್ನು ಹೊಸ ಯಂತ್ರಗಳಿಂದ ಮೂರು ಆಯಾಮಗಳಲ್ಲಿ ಚಿತ್ರಿಸಿ, ಯಾರು ಬೇಕಾದರೂ ನೋಡುವಂತೆ ತೆರೆದಿರಿಸುವ ಕಾರ್ಯವನ್ನು ಕೈಗೊಂಡಿತು. ಪರದೇಶದಿಂದ ಬಂದ ಗುರುಗಳೊಬ್ಬರು ತಮ್ಮ ಪೀಠದ ಕೆಲಸದ ನಡುವೆ ಈ ನೆಲದ ಕಲ್ಲು ಕಾವ್ಯಗಳಿಗೆ ಸಮಯ ಮಾಡಿಕೊಂಡರು. ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ಅವರ ಹೆಸರು ತಿಳಿದಿದೆ?

ಉಪಾಧ್ಯಾಯರನ್ನು ಈ ಕಾರ್ಯಕ್ಕೆ ಅಣಿಗೊಳಿಸುವ ಪ್ರಯತ್ನವೂ ಹೊಸತಲ್ಲ. ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು 1979ರಲ್ಲಿಯೇ ಸ್ಥಾಪಿತವಾದುದು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಅದಕ್ಕಾಗಿ ಶ್ರಮಿಸಿದವರಲ್ಲಿ ಒಬ್ಬರು. ಅಲ್ಲಿ ತರಬೇತಿ ಪಡೆದ ಉಪಾಧ್ಯಾಯರ ಶಾಲೆಗಳಿಗೆ ಚಿತ್ರಗಳೂ ಧ್ವನಿಮುದ್ರಣಗಳೂ ಇರುವ ಪೆಟ್ಟಿಗೆಯನ್ನು ಕೊಡುವ ಪದ್ಧತಿಯಿದೆ. ಅಂಥ ಪೆಟ್ಟಿಗೆ ಬೀಗ ಹಾಕಿದ ಬೀರುವಿನಲ್ಲಿ ಭದ್ರವಾಗಿರುವುದನ್ನು ನಾನು ಒಂದೆರಡು ಕಡೆ ಕಂಡಿದ್ದೇನೆ.

ಮಕ್ಕಳ ಒಂದು ಮಾತನ್ನು ಇಲ್ಲಿ ಹೇಳದಿರಲಾರೆ. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ಮಡಿದ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿರುವುದು. ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಒಬ್ಬ ಹುಡುಗಿ ನಡುವಣ ಪಟ್ಟಿಕೆಯನ್ನು ತೋರಿಸಿ, "ಇವರು ದೇವದೂತರಾ ಸಾರ್?" ಎಂದು ಕೇಳಿದಳು. ಅಲ್ಲ, ಅವರು ಅಪ್ಸರೆಯರು, ಕೆತ್ತಿದವರ ನಂಬಿಕೆ ಬೇರೆ ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಆದರೂ ಒಬ್ಬನೇ ಹೋಗಲಿಲ್ಲ" ಎಂದಳು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ದೊರೆತ ಕಲ್ಲನ್ನೂ ಅವರಿಗೆ ಚಿತ್ರದಲ್ಲಿ ತೋರಿಸಿದೆ. ಸುಮಾರು ಕ್ರಿ.ಶ. 750ರ ಆ ಕಲ್ಲಿನಲ್ಲಿ ಹೋರಾಡಿ ಮಡಿದ ಕಿತ್ತಯ್ಯನೆಂಬವನ ಹೆಸರೂ ಇದೆ, ರೂಪವೂ ಇದೆ. ಅವನು ಅರಸನಲ್ಲ. ಅರಸನಲ್ಲದವನ ಹೆಸರು ಹನ್ನೆರಡು ಶತಮಾನಗಳಿಗೂ ಮಿಕ್ಕಿ ಹೇಗೆ ಉಳಿಯಿತು ಎಂದು ಮಕ್ಕಳು ಕೇಳಿದಾಗ, ಯಾರೋ ಬರೆಸಿದ್ದರಿಂದ ಎಂದು ಉತ್ತರಿಸಿದೆ. ಆ ಉತ್ತರವನ್ನು ಕೊಡುತ್ತಿರುವಾಗಲೇ ನಮ್ಮ ದೇವಾಲಯದ ಸಕ್ರಿಸ್ತಿಯ ಮರದ ಬೀರು ನನ್ನ ಕಣ್ಣಮುಂದೆ ಬಂದಿತು.

ಧರ್ಮಕೇಂದ್ರಗಳಲ್ಲಿ ದಫ್ತರಗಳನ್ನು ಇಡುವ ಕ್ರಮ ಬಹಳ ಹಳೆಯದು. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಗಳನ್ನು ಪುಸ್ತಕದಲ್ಲಿ ಬರೆಯಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಮರಣದ ದಾಖಲೆಯನ್ನೂ ಸೇರಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯು ಹಳೆಯ ಪುಸ್ತಕಗಳನ್ನು ಕೂಡ ಎಚ್ಚರಿಕೆಯಿಂದ ಕಾಪಾಡಬೇಕೆಂದು ಹೇಳುತ್ತದೆ. ನಮ್ಮ ಈ ಕಟ್ಟಡಕ್ಕೆ ನೂರು ವರ್ಷ. ಆದರೆ ಹುಲ್ಲು ಹೊದಿಸಿದ ಪ್ರಾರ್ಥನಾಮಂದಿರ ಇಲ್ಲಿದ್ದ ಕಾಲದಿಂದಲೂ ನಮ್ಮ ಮರಣದ ಪುಸ್ತಕವಿದೆ. ಉದ್ದನೆಯ ಹಾಳೆ, ಫ್ರೆಂಚ್ ಗುರುಗಳ ಬಾಗಿದ ಕೈಬರಹ, ಲ್ಯಾಟಿನ್ ಭಾಷೆ.

ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿಯೇ ಮಾಡಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ, ಆಗಿನ ಗುರುಗಳ ಮಾತಿನಂತೆ, ಆ ಪುಸ್ತಕದ ಹರಿದ ಹಾಳೆಗಳಿಗೆ ಸೆಲ್ಲೋಟೇಪು ಅಂಟಿಸಿದವನು ನಾನೇ. ಒಳ್ಳೆಯ ಉದ್ದೇಶದಿಂದ ಮಾಡಿದ್ದು. ಸಂಗ್ರಹಾಲಯದಲ್ಲಿ ಕಾಗದದ ರಕ್ಷಣೆಯನ್ನು ಕಲಿಸುವವರು ಹಳೆಯ ಟೇಪು ಕಂದಾಗಿ, ಅಂಟು ಕಾಗದದೊಳಕ್ಕೆ ಇಳಿದು, ಅಕ್ಷರವನ್ನೇ ನುಂಗುವುದನ್ನು ತೋರಿಸಿದಾಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಊರಿಗೆ ಮರಳಿದೊಡನೆ ಬೀರು ತೆಗೆಸಿ ನೋಡಿದೆ. ಅವರು ತೋರಿಸಿದಂತೆಯೇ ಆಗಿತ್ತು. ಬೆಳ್ಳಿಹುಳು ತಿಂದದ್ದಕ್ಕಿಂತ ನಾನು ಕೆಡಿಸಿದ್ದೇ ಹೆಚ್ಚು. ಈಗ ಆ ಹಾಳೆಗಳನ್ನು ಯಾರೂ ಕೀಳಲು ಹೋಗಬಾರದು, ಬಲ್ಲವರೇ ಮಾಡಬೇಕು.

ಪುಸ್ತಕವನ್ನು ಪಾಠವಾಗಿಸುವ ಮೊದಲು ಧರ್ಮಕೇಂದ್ರದ ಗುರುಗಳೊಡನೆ ಕುಳಿತು ಕೆಲವು ನಿಯಮಗಳನ್ನು ಮಾಡಿಕೊಂಡೆವು. ಜ್ಞಾನಸ್ನಾನದ ಮತ್ತು ವಿವಾಹದ ಪುಸ್ತಕಗಳು ಹೊರಗೆ ಬರತಕ್ಕವಲ್ಲ, ಅವುಗಳಲ್ಲಿ ಮನೆತನಗಳ ಗುಟ್ಟುಗಳಿರುತ್ತವೆ. ಮರಣದ ಪುಸ್ತಕದಲ್ಲಿಯೂ 1925ರವರೆಗಿನ ಹಾಳೆಗಳು ಮಾತ್ರ. ಮೂಲವನ್ನು ಮಕ್ಕಳು ಮುಟ್ಟುವಂತಿಲ್ಲ. ಫೋಟೋ ತೆಗೆದು ಪ್ರತಿ ಮಾಡಿ ಕೊಡತಕ್ಕದ್ದು. 1997ರಲ್ಲಿ ವ್ಯಾಟಿಕನ್ನಿನ ಸಾಂಸ್ಕೃತಿಕ ಸಂಪತ್ತಿನ ಆಯೋಗವು ಧರ್ಮಸಭೆಯ ದಾಖಲೆಗಳನ್ನು ಕುರಿತು ಹೊರಡಿಸಿದ ಪತ್ರವನ್ನು ಗುರುಗಳು ಆಗಲೇ ಓದಿದ್ದರು. ಆದ್ದರಿಂದ ಅವರನ್ನು ಒಪ್ಪಿಸಲು ನನಗೆ ಶ್ರಮವಾಗಲಿಲ್ಲ.

ಮೊದಲ ಪಾಠ ಹೆಸರುಗಳದು. ಕನ್ನಡದ ಹೆಸರುಗಳನ್ನು ಫ್ರೆಂಚ್ ಕಿವಿಯಿಂದ ಕೇಳಿ ಲ್ಯಾಟಿನ್ನಿನಲ್ಲಿ ಬರೆದರೆ ಏನಾಗಬೇಕೋ ಅದೆಲ್ಲ ಆ ಹಾಳೆಗಳಲ್ಲಿ ಆಗಿದೆ. ನಾನು ಗಂಟೆಗಟ್ಟಲೆ ತಿಣುಕಿದ ಹೆಸರುಗಳನ್ನು ಮಕ್ಕಳು ಗಟ್ಟಿಯಾಗಿ ಉಚ್ಚರಿಸಿ ಕ್ಷಣದಲ್ಲಿ ಬಿಡಿಸಿದರು. ಚೌರಪ್ಪ, ಇನ್ನಾಸಪ್ಪ, ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಆರೋಗ್ಯಮ್ಮ. ಇವು ನಮ್ಮ ಅಜ್ಜಂದಿರ ಹೆಸರುಗಳು. ಜೋಯಲ್, ಪ್ರಿನ್ಸಿ ಎಂದು ಹೆಸರಿಟ್ಟುಕೊಂಡ ಮಕ್ಕಳಿಗೆ ಇವನ್ನು ಕೇಳಿ ಮೊದಲು ನಗು ಬಂದಿತು. ಚೌರಪ್ಪನೆಂದರೆ ಸಂತ ಫ್ರಾನ್ಸಿಸ್ ಕ್ಸೇವಿಯರ್, ಇನ್ನಾಸಪ್ಪನೆಂದರೆ ಸಂತ ಇಗ್ನಾಸಿಯವರು, ರಾಯಪ್ಪನೆಂದರೆ ಸಂತ ಪೇತ್ರರು ಎಂದು ಬಿಡಿಸಿ ಹೇಳಿದಾಗ ನಗು ನಿಂತಿತು. ಚಿನ್ನಪ್ಪನ ವಿಚಾರವಂತೂ ಸೊಗಸಾದುದು. ಲ್ಯಾಟಿನ್ನಿನಲ್ಲಿ ಪೌಲುಸ್ ಎಂದರೆ ಚಿಕ್ಕವನು. ಚಿನ್ನ ಎಂದರೆ ತಮಿಳು ತೆಲುಗುಗಳಲ್ಲಿ ಚಿಕ್ಕದು. ಆದ್ದರಿಂದ ಸಂತ ಪೌಲರು ಚಿನ್ನಪ್ಪರಾದರು. ಯೋವಾನ್ನ ಎಂಬ ಹೀಬ್ರೂ ಹೆಸರಿನಲ್ಲಿ ದೇವರ ಕೃಪೆ ಎಂಬ ಅರ್ಥವಿದೆ. ತಮಿಳಿನಲ್ಲಿ ಅರುಳ್ ಎಂದರೆ ಕೃಪೆ. ಅರುಳಪ್ಪ ಬಂದ ದಾರಿ ಇದು. ಅಕ್ಷರ ಬಾರದ ರೈತನ ಬಾಯಲ್ಲಿ ನಿಲ್ಲುವಂತೆ ಅಪೊಸ್ತಲರ ಹೆಸರುಗಳನ್ನು ಹೀಗೆ ಅರ್ಥಸಹಿತವಾಗಿ ಈ ನೆಲಕ್ಕೆ ಇಳಿಸಿದವರು ಎಂಥ ಭಾಷಾಜ್ಞಾನಿಗಳಾಗಿದ್ದಿರಬೇಕು! ಮರುದಿನ ಒಬ್ಬ ಹುಡುಗ ಬಂದು, ತನ್ನ ಮುತ್ತಜ್ಜ ಚೌರಪ್ಪನೆಂದೂ, ಮನೆಯಲ್ಲಿ ಆ ಹೆಸರನ್ನು ಯಾರೂ ಹೇಳುತ್ತಿರಲಿಲ್ಲವೆಂದೂ ತಿಳಿಸಿದ.

ಎರಡನೆಯ ಪಾಠಕ್ಕೆ ನಾನು ಆರಿಸಿದ್ದು 1918ರ ಹಾಳೆಗಳನ್ನು. ಆ ವರ್ಷದ ಮಧ್ಯಭಾಗದಲ್ಲಿ ಮುಂಬಯಿಯ ಬಂದರಿನ ಮೂಲಕ ಬಂದ ಇನ್‌ಫ್ಲುಯೆಂಜಾ ಜ್ವರವು ಸೆಪ್ಟೆಂಬರಿನ ಅನಂತರ ಭೀಕರ ರೂಪವನ್ನು ತಾಳಿ ಇಡೀ ದೇಶವನ್ನು ವ್ಯಾಪಿಸಿತು. ಇಂಡಿಯಾದಲ್ಲಿ ಅದರಿಂದ ಮಡಿದವರು ಒಂದು ಕೋಟಿಗೂ ಮಿಕ್ಕವರು. ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಸಾಲೂ ಸಿಗುವುದು ಅಪರೂಪ. ನಾನು ಮಕ್ಕಳಿಗೆ ಏನನ್ನೂ ಹೇಳದೆ, ಆ ವರ್ಷದ ಜೂನ್ ತಿಂಗಳ ಹಾಳೆಯನ್ನೂ ಅಕ್ಟೋಬರ್ ತಿಂಗಳ ಹಾಳೆಗಳನ್ನೂ ಮುಂದಿಟ್ಟು, ಏನು ಕಾಣುತ್ತದೆ ಎಂದಷ್ಟೇ ಕೇಳಿದೆ. ಓಬಿಯಿತ್ ಎಂದರೆ ತೀರಿಕೊಂಡನು ಎಂದು ಮಾತ್ರ ಕಲಿಸಿದ್ದೆ. ಒಂದು ಹಾಳೆಯಲ್ಲಿ ಆ ಪದವನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಕಾದುವು. ಇನ್ನೊಂದರಲ್ಲಿ ಮಕ್ಕಳು ಎಣಿಸುತ್ತ ಎಣಿಸುತ್ತ ಸುಮ್ಮನಾದರು. ಒಂದೇ ದಿನ, ಒಂದೇ ಮನೆ, ತಾಯಿ ಮತ್ತು ಎರಡು ಮಕ್ಕಳು. 2021ರ ಬೇಸಗೆಯನ್ನು ಆ ಮಕ್ಕಳು ಕಂಡಿದ್ದರು. ಹತ್ತಿರದವರನ್ನು ಮಣ್ಣು ಮಾಡಲು ಹೋಗಲಾಗದೆ ಮನೆಯಲ್ಲಿ ಕುಳಿತು ಜಪಸರ ಮಾಡಿದ ಮನೆಗಳ ಮಕ್ಕಳು ಅವರು. ನಾನು ವಿವರಿಸಬೇಕಾದ್ದು ಏನೂ ಉಳಿದಿರಲಿಲ್ಲ.

ಆಗ ಒಬ್ಬ ಹುಡುಗಿ, "ಇಲ್ಲಿಂದ ಕೈಬರಹ ಬೇರೆ ಸಾರ್" ಎಂದಳು. ನಾನು ಆ ಪುಸ್ತಕವನ್ನು ಎಷ್ಟೋ ಸಲ ನೋಡಿದ್ದೆ, ಅದನ್ನು ಗಮನಿಸಿರಲಿಲ್ಲ. ಅಕ್ಟೋಬರ್ ತಿಂಗಳ ನಡುವೆ ಗುರುಗಳ ಬರಹ ನಿಲ್ಲುತ್ತದೆ. ಅನಂತರ ಕೆಲವು ಸಾಲುಗಳು ಕನ್ನಡದಲ್ಲಿವೆ, ದಪ್ಪನೆಯ ಅಕ್ಷರ, ಒರಟು ಲೇಖನಿ. ಹೆಸರು, ಊರು, ದಿನ. ಒಂದು ಕಡೆ "ಹಾಲು ಕುಡಿವ ಕೂಸು" ಎಂದಿದೆ. ಆಮೇಲೆ ಮತ್ತೆ ಗುರುಗಳ ಲ್ಯಾಟಿನ್ ತೊಡಗುತ್ತದೆ; ಮೊದಲಿನಷ್ಟು ನೇರವಾಗಿಲ್ಲ, ಅಕ್ಷರ ನಡುಗಿದೆ. ಗುರುಗಳಿಗೇ ಜ್ವರ ಬಂದಿತ್ತೆಂದು ಮಕ್ಕಳು ಊಹಿಸಿದರು. ಕನ್ನಡದಲ್ಲಿ ಬರೆದವರು ಉಪದೇಶಿಯವರಾಗಿರಬೇಕು, ಆ ಕಾಲದ ಹಳ್ಳಿಯಲ್ಲಿ ಬರೆಯಬಲ್ಲ ಕಥೋಲಿಕರು ಬೇರೆ ಯಾರಿದ್ದಾರು ಎಂದು ನಾನು ಸೇರಿಸಿದೆ. ಗುರುಗಳು ಮಲಗಿದ್ದಾಗ ಮನೆಮನೆಗೆ ಹೋಗಿ, ಹೆಣಗಳನ್ನು ಹೊರಿಸಿ, ಪ್ರಾರ್ಥನೆ ಹೇಳಿ, ರಾತ್ರಿ ಬಂದು ಬುಡ್ಡಿದೀಪದಲ್ಲಿ ಪುಸ್ತಕವನ್ನು ತೆರೆದು ಬರೆದವರು ಅವರು. ತಮ್ಮ ಹೆಸರನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ.

ಇನ್ನು ಹೇಳಲು ಕಷ್ಟವಾದ ಸಂಗತಿಗೆ ಬರುತ್ತೇನೆ. ಲ್ಯಾಟಿನ್ ಸಾಲುಗಳಲ್ಲಿ ಹೆಸರಿನ ಮುಂದೆ ಜಾತಿಯನ್ನೂ ಬರೆದಿದೆ. ಅದು ಆ ಕಾಲದ ರೂಢಿ. ಎಲ್ಲ ಕಡೆಯೂ ಇದ್ದುದೇ ಎಂದು ಸಮಾಧಾನ ಹೇಳಿಕೊಳ್ಳಬಹುದು. ನನ್ನ ತರಗತಿಯಲ್ಲಿ ಕುಳಿತ ಮಗುವಿನ ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಆ ಪದವಿದ್ದಾಗ ಸಮಾಧಾನ ಸಾಲದು. ನಾನು ಏನು ಮಾಡಿದೆ? ಪ್ರತಿ ತೆಗೆಯುವ ಮೊದಲು ಆ ಅಂಕಣದ ಮೇಲೆ ಬಿಳಿಯ ಕಾಗದದ ಪಟ್ಟಿಯನ್ನು ಇರಿಸಿದೆ. ಮೂಲವನ್ನು ತಿದ್ದಬಾರದು, ಬೇಡವಾದರೆ ಬೇರೆ ಹಾಳೆಯನ್ನು ಆರಿಸಿಕೊಳ್ಳಬೇಕು ಎಂದು ಸಂಗ್ರಹಾಲಯದಲ್ಲಿ ಹತ್ತು ಸಲ ಕೇಳಿದ್ದರೂ ಮುಚ್ಚಿದೆ. ಮುಚ್ಚಿದ್ದು ಬಹಳ ಹೊತ್ತು ಮುಚ್ಚಿರಲಿಲ್ಲ. "ಇಲ್ಲಿ ಏನಿತ್ತು ಸಾರ್?" ಎಂದು ಹುಡುಗನೊಬ್ಬ ಕೇಳಿದ. ಉಪದೇಶಿಯ ಸಾಲುಗಳಲ್ಲಿ ಅಲ್ಲಿ ಖಾಲಿಯಿದೆ, ಗುರುಗಳ ಸಾಲುಗಳಲ್ಲಿ ಮಾತ್ರ ಬಿಳಿಯ ಪಟ್ಟಿಯಿದೆ ಎಂಬುದನ್ನು ಅವನು ಕಂಡುಹಿಡಿದಿದ್ದ. ನಾಳೆ ಹೇಳುತ್ತೇನೆ ಎಂದೆ. ಉಪಾಧ್ಯಾಯನು ನಾಳೆ ಎಂದರೆ ಏನರ್ಥವೆಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಅಂದು ಸಂಜೆ ನಾನು ಆ ಹುಡುಗನ ಮನೆಗೆ ಹೋದೆ. ಮುಚ್ಚಿದ ಹೆಸರುಗಳಲ್ಲಿ ಒಂದು ಅವನ ಮನೆತನದ್ದು. ಅವನ ಅಜ್ಜಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ವಿಷಯವನ್ನು ಸುತ್ತಿ ಬಳಸಿ ಹೇಳಿದೆ. ಅವರು ಕೆಲಸ ನಿಲ್ಲಿಸದೆ, "ಮುಚ್ಚಬ್ಯಾಡಿ ಮೇಷ್ಟ್ರೇ. ನಮ್ಮತ್ತೆ ಹೇಳೋರು, ನಮ್ಮೋರನ್ನ ಗೋಡೆ ಆಚೆ ಮಣ್ಣು ಮಾಡ್ತಿದ್ರು ಅಂತ. ಆ ಗೋಡೆ ಕೆಡವಿದ ದಿನ ನಾನೇ ಕಲ್ಲು ಹೊತ್ತಿದೀನಿ. ಮೊದಲನೇದು ಹೇಳಿದ್ರೆ ಎರಡನೇದೂ ಹೇಳಿ" ಎಂದರು.

ಪಟ್ಟಿಯನ್ನು ತೆಗೆದೆ. ಮರುದಿನ ಮಕ್ಕಳನ್ನು ಸಮಾಧಿಭೂಮಿಗೆ ಕರೆದೊಯ್ದು, ಏನಾದರೂ ಗುರುತು ಸಿಗುತ್ತದೆಯೇ ನೋಡಿರೆಂದು ಬಿಟ್ಟೆ. ಹುಲ್ಲಿನಡಿಯಲ್ಲಿ ಸಾಲಾಗಿ ಹುದುಗಿದ್ದ ತಳಪಾಯದ ಕಲ್ಲುಗಳನ್ನು ಅವರೇ ಕಂಡರು, ಅಳೆದರು, ನಕ್ಷೆ ಬರೆದರು. ಗೋಡೆಯನ್ನು ಕೆಡವಿದ್ದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದ ಮೇಲಿನ ವರ್ಷಗಳಲ್ಲಿ ಎಂದು ಹಿರಿಯರು ಹೇಳುತ್ತಾರೆ. ಉಪದೇಶಿಯವರು ಜಾತಿಯನ್ನು ಏಕೆ ಬರೆಯಲಿಲ್ಲ ಎಂಬುದರ ಮೇಲೆ ತರಗತಿಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಬೇಕೆಂದೇ ಬಿಟ್ಟರು ಎಂದು ಕೆಲವರು; ಅಷ್ಟು ಸಾವಿನ ನಡುವೆ ಪುರಸೊತ್ತಿರಲಿಲ್ಲ ಎಂದು ಕೆಲವರು; ಎಲ್ಲರನ್ನೂ ಬಲ್ಲವರಿಗೆ ಬರೆಯುವ ಅಗತ್ಯವೇನು ಎಂದು ಒಬ್ಬಳು. ಪುಸ್ತಕವು ಇದಕ್ಕೆ ಉತ್ತರ ಕೊಡುವುದಿಲ್ಲ, ನಾನೂ ಕೊಡಲಿಲ್ಲ. ಮಕ್ಕಳಿಗೆ ಅದರಿಂದ ನಷ್ಟವಾಯಿತೆಂದು ನನಗೆ ತೋರಲಿಲ್ಲ.

ಈ ಪಾಠ ಸರಿಯಲ್ಲವೆಂದು ನಮ್ಮಲ್ಲಿ ಕೆಲವರು ನನಗೆ ಹೇಳಿದ್ದಾರೆ. ಮರೆತ ಗಾಯವನ್ನು ಮಕ್ಕಳ ಕೈಯಿಂದ ಕೆರೆಸಬೇಕೇ ಎಂಬುದು ಅವರ ಪ್ರಶ್ನೆ. ಅವರ ಕಳಕಳಿಯನ್ನು ನಾನು ಬಲ್ಲೆ. ಗೋಡೆಯ ಯಾವ ಪಕ್ಕದಲ್ಲಿ ನಿಂತು ಮರೆತೆವು ಎಂಬುದರ ಮೇಲೆ ಮರೆವು ಹಗುರವೋ ಭಾರವೋ ಆಗುತ್ತದೆ ಎಂದಷ್ಟೇ ಅವರಿಗೆ ಹೇಳಿದ್ದೇನೆ. ಆ ವರ್ಷ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಗುರುಗಳ ಅಪ್ಪಣೆ ಪಡೆದು, ಬಲಿಪೂಜೆಗೆ ಮೊದಲು ಎಂಟನೆಯ ತರಗತಿಯ ಮಕ್ಕಳು 1918ರ ಅಕ್ಟೋಬರಿನ ಹೆಸರುಗಳನ್ನು ಸಮಾಧಿಭೂಮಿಯಲ್ಲಿ ನಿಂತು ಓದಿದರು. ಜಾತಿಯಿಲ್ಲದೆ ಓದಿದರು. ಹಾಗೆ ಓದಬೇಕೆಂದು ಅವರೇ ನಿಶ್ಚಯಿಸಿದ್ದರು. ಆ ಅಜ್ಜಿಯವರು ಕೊಡೆ ಊರಿಕೊಂಡು ಬಂದಿದ್ದರು.

ಈಗ ಈ ಸಂಚಿಕೆಯ ವಿಚಾರ. ಶತಮಾನೋತ್ಸವದ ಸಂಚಿಕೆಯಲ್ಲಿ ಇಲ್ಲಿ ಸೇವೆ ಸಲ್ಲಿಸಿದ ಗುರುಗಳೆಲ್ಲರ ಭಾವಚಿತ್ರಗಳು ಕಾಲಾನುಕ್ರಮವಾಗಿ ಬರಲಿವೆ. ಅದು ಯೋಗ್ಯವಾದುದೇ. ಉಪದೇಶಿಗಳ ಪಟ್ಟಿಯನ್ನೂ ಸೇರಿಸಬೇಕೆಂದು ಸಮಿತಿಯನ್ನು ಬೇಡಿಕೊಂಡೆ; ಅವರು ಸಂತೋಷದಿಂದ ಒಪ್ಪಿದರು. ಹಳೆಯ ಲೆಕ್ಕದ ಪುಸ್ತಕಗಳಿಂದ 1931ರಿಂದೀಚಿನ ಹೆಸರುಗಳು ದೊರೆತಿವೆ. ಅದಕ್ಕೆ ಹಿಂದಿನವರ ಹೆಸರು ಸಿಕ್ಕಿಲ್ಲ. 1918ರಲ್ಲಿ ಇಲ್ಲಿ ಉಪದೇಶಿಯಾಗಿದ್ದವರು ತಮ್ಮ ಮನೆತನದವರೆಂದು ಕೇಳಿ ಬಲ್ಲವರು, ಅಥವಾ ಅಂಥ ದಪ್ಪ ಅಕ್ಷರದ ಹಳೆಯ ಪ್ರಾರ್ಥನಾ ಪುಸ್ತಕವನ್ನೋ ಕಾಗದವನ್ನೋ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವವರು ಈ ಸಭೆಯಲ್ಲಿ ಯಾರಾದರೂ ಇದ್ದರೆ, ಸಭೆ ಮುಗಿದ ಮೇಲೆ ನನ್ನನ್ನಾಗಲಿ, ಶಾಲೆಯ ಮಕ್ಕಳನ್ನಾಗಲಿ ಕಾಣಬೇಕಾಗಿ ಕೋರುತ್ತೇನೆ. ಹಾಳೆಯ ಪ್ರತಿಯನ್ನು ತಂದಿದ್ದೇನೆ; ಅಕ್ಷರವನ್ನು ಹೋಲಿಸಿ ನೋಡಬಹುದು. ಕಾಗದ ಹರಿದಿದ್ದರೆ ದಯಮಾಡಿ ಟೇಪು ಅಂಟಿಸಬೇಡಿ.